ಮಾತ್ರೆಯ ಮೇಲಿನ ಸಂಖ್ಯೆ ಯಾವುದರ ತೂಕ?

ಓಆರ್‌ಎಸ್ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಎರಡು ಪಟ್ಟಿಗಳು ಕಾಣುತ್ತವೆ. ಮೊದಲನೆಯದು ಅಂಗಡಿ ಲೆಕ್ಕದಷ್ಟೇ ಸರಳ: ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಎರಡನೆಯದರಲ್ಲಿ ಗ್ರಾಂ ಇಲ್ಲವೇ ಇಲ್ಲ. ಸೋಡಿಯಂ 75, ಗ್ಲೂಕೋಸ್ 75, ಕ್ಲೋರೈಡ್ 65, ಪೊಟ್ಯಾಸಿಯಂ 20, ಸಿಟ್ರೇಟ್ 10, ಒಟ್ಟು 245. ಇವು ಒಂದು ಲೀಟರ್ ದ್ರಾವಣದಲ್ಲಿರುವ ಮಿಲಿಮೋಲ್‌ಗಳು. ಪುಡಿ ಒಂದೇ, ಪೊಟ್ಟಣ ಒಂದೇ, ಲೆಕ್ಕ ಮಾತ್ರ ಎರಡು.

ತೂಕದಲ್ಲಿ ನೋಡಿದರೆ ಗ್ಲೂಕೋಸ್ ಉಪ್ಪಿನ ಐದು ಪಟ್ಟು ಇದೆ. ಎಣಿಕೆಯಲ್ಲಿ ನೋಡಿದರೆ ಗ್ಲೂಕೋಸ್ ಮತ್ತು ಸೋಡಿಯಂ ಸರಿಸಮ, 75ಕ್ಕೆ 75. ಔಷಧ ಕೆಲಸ ಮಾಡುವುದು ಈ ಎರಡನೆಯ ಲೆಕ್ಕದಿಂದಲೇ. ಸಣ್ಣ ಕರುಳಿನ ಗೋಡೆ ಗ್ಲೂಕೋಸನ್ನು ಒಳಗೆಳೆದುಕೊಳ್ಳುವಾಗ ಜೊತೆಗೆ ಸೋಡಿಯಂ ಅನ್ನೂ ಎಳೆದುಕೊಳ್ಳುತ್ತದೆ. ನೀರು ಅವುಗಳ ಬೆನ್ನಿಗೇ ಹೋಗುತ್ತದೆ. ಅಲ್ಲಿ ಮುಖ್ಯವಾಗುವುದು ಎಷ್ಟು ಕಣಗಳಿವೆ ಎಂಬುದು. ಆ ಕಣಗಳ ತೂಕ ಎಷ್ಟು ಎಂಬುದಲ್ಲ.

ಮೊದಲ ಪಟ್ಟಿಯಿಂದ ಎರಡನೆಯದಕ್ಕೆ ಹೋಗುವ ದಾರಿ ಹೈಸ್ಕೂಲಿನ ರಸಾಯನಶಾಸ್ತ್ರದಲ್ಲೇ ಇದೆ. ಸೋಡಿಯಂನ ಪರಮಾಣು ತೂಕ 23, ಕ್ಲೋರಿನ್‌ನದು 35.5, ಎರಡೂ ಸೇರಿದ ಉಪ್ಪಿನದು 58.5. ಅಂದರೆ 58.5 ಗ್ರಾಂ ಉಪ್ಪು ಒಂದು ಮೋಲ್, 58.5 ಮಿಲಿಗ್ರಾಂ ಒಂದು ಮಿಲಿಮೋಲ್. ಮೋಲ್ ಎನ್ನುವುದು ಡಜನ್ನಿನ ಹಾಗೆ ಒಂದು ಎಣಿಕೆ, ಸಂಖ್ಯೆ ಮಾತ್ರ ಅಗಾಧ: 6.022 ಅನ್ನು 10ರ 23ನೇ ಘಾತದಿಂದ ಗುಣಿಸಿದಷ್ಟು. ಪೊಟ್ಟಣದಲ್ಲಿರುವ 2,600 ಮಿಲಿಗ್ರಾಂ ಉಪ್ಪನ್ನು 58.5ರಿಂದ ಭಾಗಿಸಿದರೆ ಸುಮಾರು 44 ಮಿಲಿಮೋಲ್ ಸೋಡಿಯಂ ಸಿಗುತ್ತದೆ. 75ಕ್ಕೆ ಉಳಿದದ್ದು ಸಿಟ್ರೇಟ್‌ನಿಂದ ಬರುತ್ತದೆ. ಆ ಲವಣದ ತೂಕ 294, ಅದರ ಒಂದೊಂದು ಅಣುವಿನಲ್ಲೂ ಮೂರು ಸೋಡಿಯಂ ಇವೆ. 2,900 ಮಿಲಿಗ್ರಾಂ ಅಂದರೆ ಹತ್ತಿರ ಹತ್ತಿರ 10 ಮಿಲಿಮೋಲ್, ಅದರಿಂದ 30 ಸೋಡಿಯಂ. ಎರಡನ್ನೂ ಕೂಡಿಸಿದರೆ 74, ಹೆಚ್ಚುಕಡಿಮೆ 75.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಬಂದು ಸೇರಿದಾಗ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಸಾಲಲಿಲ್ಲ, ಸೂಜಿ ಹಾಕುವ ಕೈಗಳೂ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಮತ್ತು ಅವರ ಸಂಗಡಿಗರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಲೆಕ್ಕದಲ್ಲಿ ಪುಡಿಯ ಪೊಟ್ಟಣ ಕಟ್ಟಿ ಜನರಿಗೆ ಕುಡಿಸಿದರು. ಈ ಗ್ರಾಂಗಳನ್ನು ಈಗ ಕೂತು ಬದಲಾಯಿಸಿ ನೋಡಿದರೆ ಉಪ್ಪಿನಿಂದ 60, ಸೋಡಾದಿಂದ 30, ಒಟ್ಟು 90 ಮಿಲಿಮೋಲ್ ಸೋಡಿಯಂ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಸೂತ್ರದಲ್ಲಿ ಇದ್ದದ್ದೂ 90ರ ಸೋಡಿಯಂ. 2002ರಲ್ಲಿ ಅದನ್ನು 75ಕ್ಕೆ ಇಳಿಸಿದರು, ಗ್ಲೂಕೋಸನ್ನು 111ರಿಂದ 75ಕ್ಕೆ ತಂದರು. ಒಟ್ಟು ಸಾಂದ್ರತೆ 311ರಿಂದ ಇವತ್ತಿನ 245ಕ್ಕೆ ಬಂತು.

ಎಲ್ಲ ಪೊಟ್ಟಣವೂ ಒಂದೇ ಅಳತೆಯದಲ್ಲ ಎಂಬುದನ್ನು ತಾಯಂದಿರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ. ಲೀಟರಿನದು ಸುಮಾರು 21 ಗ್ರಾಂ ತೂಗುತ್ತದೆ, 200 ಮಿಲಿಲೀಟರಿನದು ನಾಲ್ಕು ಗ್ರಾಂಗಿಂತ ತುಸು ಹೆಚ್ಚು. ಲೀಟರಿನ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಸುರಿದರೆ ಎಲ್ಲವೂ ಐದು ಪಟ್ಟಾಗುತ್ತದೆ: ಸೋಡಿಯಂ 375, ಒಟ್ಟು ಸಾಂದ್ರತೆ 1,225. ಮನುಷ್ಯನ ರಕ್ತದ್ದು 290ರ ಆಸುಪಾಸು. ಇಷ್ಟು ಗಟ್ಟಿ ದ್ರಾವಣ ಭೇದಿಯಾಗಿರುವ ಮಗುವಿನ ಮೈಗೆ ನೀರು ಕೊಡುವುದಿಲ್ಲ, ಇದ್ದ ನೀರನ್ನೂ ಕರುಳಿಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು. ಮಗು ವಾಂತಿ ಮಾಡುತ್ತಿದೆ, ಜಾಸ್ತಿ ನೀರು ಕುಡಿಯುವುದಿಲ್ಲ, ಸ್ವಲ್ಪ ನೀರಿಗೇ ಕಲಸೋಣ ಅನ್ನಿಸುವುದು ಸಹಜ. ಆದರೆ ಲೀಟರಿನ ಪೊಟ್ಟಣವನ್ನು ಕಲಸುವುದು ಪೂರ್ತಿ ಲೀಟರಿಗೇ ಆಗಬೇಕು. ಕುಡಿಸುವುದು ಮಾತ್ರ ಚಮಚ ಚಮಚ.

ಇನ್ನು ಡ್ರಿಪ್ ಬಾಟಲಿ, ಇಂಜೆಕ್ಷನ್ ಆಂಪ್ಯೂಲ್‌ಗಳ ಮೇಲೆ ಕಾಣುವ ಮಿಲಿಈಕ್ವಿವಲೆಂಟ್. ಆಸ್ಪತ್ರೆಯವರ ಬಾಯಲ್ಲಿ ಅದು ‘ಎಂಇಕ್ಯು’. ಮಿಲಿಮೋಲ್ ಕಣಗಳನ್ನು ಎಣಿಸುತ್ತದೆ, ಎಂಇಕ್ಯು ಆ ಕಣಗಳ ಮೇಲಿನ ವಿದ್ಯುದಾವೇಶವನ್ನು ಎಣಿಸುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್‌ಗಳ ಮೇಲೆ ಆವೇಶ ಒಂದೊಂದೇ, ಹಾಗಾಗಿ ಎರಡು ಸಂಖ್ಯೆಗಳೂ ಒಂದೇ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಮೇಲೆ ಎರಡು, ಅಲ್ಲಿ ಒಂದು ಮಿಲಿಮೋಲ್ ಅಂದರೆ ಎರಡು ಎಂಇಕ್ಯು. ಸಿಟ್ರೇಟ್ ಮೇಲೆ ಮೂರು. ಇದರ ಉಪಯೋಗವೇನೆಂದು ತಿಳಿಯಲು ಅದೇ ಓಆರ್‌ಎಸ್ ಪಟ್ಟಿ ಸಾಕು. ಧನ ಆವೇಶದವು ಸೋಡಿಯಂ 75, ಪೊಟ್ಯಾಸಿಯಂ 20, ಒಟ್ಟು 95. ಋಣ ಆವೇಶದವು ಕ್ಲೋರೈಡ್ 65, ಸಿಟ್ರೇಟ್ ಹತ್ತರ ಮೂರರಷ್ಟು, ಅಂದರೆ 30. ಅದೂ ಒಟ್ಟು 95. ಯಾವ ದ್ರಾವಣದಲ್ಲೂ, ನಮ್ಮ ರಕ್ತದಲ್ಲೂ, ಈ ಎರಡು ಬದಿ ಸಮ ಇರಲೇಬೇಕು. ಬಾಸ್ಟನ್‌ನ ಮಕ್ಕಳ ವೈದ್ಯ ಜೇಮ್ಸ್ ಗ್ಯಾಂಬಲ್ ಕಳೆದ ಶತಮಾನದ ಮೊದಲರ್ಧದಲ್ಲಿ ರಕ್ತದ ಲವಣಗಳನ್ನು ಒಂದೇ ಎತ್ತರದ ಎರಡು ಕಂಬಗಳಾಗಿ ಚಿತ್ರಿಸಿ ತೋರಿಸಿದರು. ಒಂದು ಕಂಬದಲ್ಲಿ ಏನಾದರೂ ಕಡಿಮೆಯಾದರೆ ಅದರ ಜಾಗವನ್ನು ಇನ್ನೇನು ತುಂಬಿದೆ ಎಂದು ವೈದ್ಯರು ಹುಡುಕತೊಡಗಿದ್ದು ಆ ಚಿತ್ರಗಳಿಂದ. ಗ್ರಾಂ ಲೆಕ್ಕದಲ್ಲಿ ಬರೆದಿದ್ದರೆ ಆ ಸಮತೋಲ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಪೊಟ್ಯಾಸಿಯಂ ವಿಷಯದಲ್ಲಿ ಈ ಲೆಕ್ಕ ಜೀವಕ್ಕೇ ಸಂಬಂಧಿಸಿದ್ದು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಸಾಮಾನ್ಯವಾಗಿ 10 ಮಿಲಿಲೀಟರಿನದು, ನೋಡಲು ಥೇಟ್ ನೀರು. ಮೇಲೆ ಶೇಕಡಾ 15 ಎಂದಿರುತ್ತದೆ. ಅಂದರೆ ಒಳಗಿರುವ ಲವಣ 1.5 ಗ್ರಾಂ. ಆ 1,500 ಮಿಲಿಗ್ರಾಂ ಅನ್ನು ಲವಣದ ಅಣು ತೂಕವಾದ 74.5ರಿಂದ ಭಾಗಿಸಿದರೆ 20 ಎಂಇಕ್ಯು. ಬರೀ ಪೊಟ್ಯಾಸಿಯಂನ ತೂಕ ಬೇಕೆಂದರೆ 20ನ್ನು 39ರಿಂದ ಗುಣಿಸಬೇಕು, 780 ಮಿಲಿಗ್ರಾಂ. ಒಂದೇ ಆಂಪ್ಯೂಲಿಗೆ 15, 1.5, 20, 780 ಎಂಬ ನಾಲ್ಕು ಸಂಖ್ಯೆಗಳು, ನಾಲ್ಕೂ ಸರಿ. ಓಆರ್‌ಎಸ್ ಪೊಟ್ಟಣದಲ್ಲಿರುವುದೂ ಅದೇ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಎಂಬುದನ್ನು ಇಲ್ಲಿ ನೆನೆಯಬೇಕು. ಲೀಟರ್ ನೀರಿನಲ್ಲಿ ಕರಗಿ ಗುಟುಕು ಗುಟುಕಾಗಿ ಹೊಟ್ಟೆಗೆ ಹೋದಾಗ ಅದು ಮಗುವನ್ನು ಉಳಿಸುತ್ತದೆ. ಅಷ್ಟೇ ಪ್ರಮಾಣ ನೀರು ಬೆರೆಸದೆ ನೇರ ರಕ್ತನಾಳಕ್ಕೆ ಹೋದರೆ ಹೃದಯ ನಿಂತುಹೋಗಬಹುದು. ಹಾಗಾಗಿ ಸಾಮಾನ್ಯ ವಾರ್ಡಿನಲ್ಲಿ ಅದನ್ನು ಡ್ರಿಪ್‌ನಲ್ಲಿ ಬೆರೆಸಿ, ಗಂಟೆಗೆ ಸುಮಾರು 10 ಎಂಇಕ್ಯು ಮೀರದಂತೆ ಕೊಡುವುದು ರೂಢಿ. ಇಂಥ ಗಟ್ಟಿ ಲವಣಗಳನ್ನು ವಾರ್ಡಿನ ಕಪಾಟಿನಲ್ಲಿ ಬೇರೆ ಔಷಧಗಳ ನಡುವೆ ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ.

ಎಳನೀರನ್ನೂ ಇದೇ ಅಳತೆಯಲ್ಲಿ ನೋಡಬಹುದು. ಕಾಯಿಯ ಬಲಿತ, ತಳಿ, ಮಣ್ಣು ನೋಡಿಕೊಂಡು ಹೆಚ್ಚುಕಡಿಮೆಯಾದರೂ 100 ಮಿಲಿಲೀಟರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಮದ್ದೂರಿನ ಒಂದು ಒಳ್ಳೆಯ ಎಳನೀರಿನಲ್ಲಿ 300 ಮಿಲಿಲೀಟರ್ ನೀರಿದೆ ಎಂದುಕೊಂಡರೆ 750 ಮಿಲಿಗ್ರಾಂ, ಅಂದರೆ 19 ಎಂಇಕ್ಯು. ಹೆಚ್ಚುಕಡಿಮೆ ಒಂದು ಆಂಪ್ಯೂಲಿನಷ್ಟು. ವಯಸ್ಕರಿಗೆ ದಿನಕ್ಕೆ 90 ಮಿಲಿಮೋಲ್ ಪೊಟ್ಯಾಸಿಯಂ ಆಹಾರದಿಂದ ಸಿಗಲಿ ಎಂಬುದೇ ಶಿಫಾರಸು, ಹಾಗಾಗಿ ಕಿಡ್ನಿ ಚೆನ್ನಾಗಿರುವವರಿಗೆ ಎಳನೀರಿನಿಂದ ಭಯವಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಮಾತ್ರ ವೈದ್ಯರು ಬೇಡ ಎನ್ನುವುದರ ಹಿಂದೆ ಈ 19ರ ಲೆಕ್ಕವಿದೆ. ಬಿ.ಪಿ.ಗೆ ಒಳ್ಳೆಯದೆಂದು ಮಾರುವ ‘ಲೋ ಸೋಡಿಯಂ’ ಉಪ್ಪಿನಲ್ಲೂ ಸೋಡಿಯಂನ ಒಂದು ಪಾಲಿನ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬಂದಿರುತ್ತದೆ, ಅದರ ಒಂದು ಗ್ರಾಂನಲ್ಲಿ 13 ಎಂಇಕ್ಯು. ಕಿಡ್ನಿ ತೊಂದರೆ ಇರುವವರು ಅದನ್ನು ಕೇಳದೆ ತಂದು ಬಳಸಬಾರದು.

ಬಿ.ಪಿ. ಇರುವವರಿಗೆ ಇನ್ನೊಂದು ತೊಡಕಿದೆ. ದಿನಕ್ಕೆ 5 ಗ್ರಾಂ ಉಪ್ಪಿನೊಳಗಿರಿ ಎನ್ನುತ್ತಾರೆ ವೈದ್ಯರು. ಪೊಟ್ಟಣಗಳ ಮೇಲೆ ಬರೆದಿರುವುದು ಉಪ್ಪಲ್ಲ, ಸೋಡಿಯಂ. ಉಪ್ಪಿನ ತೂಕದಲ್ಲಿ ಸೋಡಿಯಂ ಐದರಲ್ಲಿ ಎರಡು ಪಾಲು, ಹಾಗಾಗಿ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. ಉಪ್ಪಿನಕಾಯಿ, ಹಪ್ಪಳ, ನೂಡಲ್ಸ್ ಯಾವುದರ ಮೇಲಾದರೂ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು 2 ಗ್ರಾಂ ಉಪ್ಪು. ಹಳ್ಳಿಗಳಲ್ಲಿ ಸುಸ್ತಾದವರು ‘ಒಂದು ಬಾಟ್ಲಿ ಗ್ಲೂಕೋಸ್ ಹಾಕ್ರಿ’ ಎಂದು ಕೇಳಿ ಹಾಕಿಸಿಕೊಳ್ಳುವ ಡಿಎನ್‌ಎಸ್ ಬಾಟಲಿಯನ್ನೂ ಹೀಗೇ ಓದಬೇಕು. ಅರ್ಧ ಲೀಟರಿನ ಆ ಬಾಟಲಿಯಲ್ಲಿ 25 ಗ್ರಾಂ ಡೆಕ್ಸ್‌ಟ್ರೋಸ್ ಇದೆ, ಬೇಕರಿಯಲ್ಲಿ ಕುಡಿಯುವ ಒಂದು ಜ್ಯೂಸಿನಷ್ಟು ಸಕ್ಕರೆ. ಜೊತೆಗೆ 4.5 ಗ್ರಾಂ ಉಪ್ಪೂ ಇದೆ: 77 ಎಂಇಕ್ಯು ಸೋಡಿಯಂ, ಹೆಚ್ಚುಕಡಿಮೆ ಇಡೀ ದಿನದ ಮಿತಿ. ಹೃದಯ ದುರ್ಬಲವಾಗಿರುವ ಹಿರಿಯರಿಗೆ ಇದು ಸಣ್ಣ ಸಂಗತಿಯಲ್ಲ.

ಔಷಧ ಅಂಗಡಿಯಲ್ಲಿ ಜನ ಹೆಚ್ಚು ಗಲಿಬಿಲಿಗೊಳ್ಳುವುದು ಕ್ಯಾಲ್ಸಿಯಂ ಮಾತ್ರೆಯ ಮುಂದೆ. ಚೀಟಿಯಲ್ಲಿ 500 ಎಂದಿದೆ, ಸ್ಟ್ರಿಪ್ ಮೇಲೆ 1250 ಎಂದಿದೆ. ಹೆಚ್ಚು ಪವರಿನದು ಕೊಟ್ಟರೆಂದು ವಾಪಸು ತರುವವರಿದ್ದಾರೆ, ಅರ್ಧ ಮುರಿದು ನುಂಗುವವರೂ ಇದ್ದಾರೆ. ಎರಡೂ ಒಂದೇ ಮಾತ್ರೆ. ಕ್ಯಾಲ್ಸಿಯಂ ಕಾರ್ಬೋನೇಟ್‌ನ ನೂರು ಪಾಲಿನಲ್ಲಿ ಕ್ಯಾಲ್ಸಿಯಂ 40 ಪಾಲು, ಹಾಗಾಗಿ 1,250 ಮಿಲಿಗ್ರಾಂ ಕಾರ್ಬೋನೇಟ್ ಅಂದರೆ 500 ಮಿಲಿಗ್ರಾಂ ಕ್ಯಾಲ್ಸಿಯಂ. ಸ್ಟ್ರಿಪ್ಪಿನ ಸಣ್ಣ ಅಕ್ಷರಗಳಲ್ಲಿ ‘ಎಲಿಮೆಂಟಲ್ ಕ್ಯಾಲ್ಸಿಯಂಗೆ ಸಮ’ ಎಂದು ಬರೆದಿರುವುದು ಇದನ್ನೇ. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ನೂರಕ್ಕೆ 21 ಮಾತ್ರ. ಅದರ 1,000 ಮಿಲಿಗ್ರಾಂ ಮಾತ್ರೆಯಿಂದ ಸಿಗುವುದು 210. ಲವಣದ ತೂಕಕ್ಕೂ ಖನಿಜದ ತೂಕಕ್ಕೂ ವ್ಯತ್ಯಾಸ ಮಾಡದೆ ಎರಡು ಕಂಪನಿಗಳ ಮಾತ್ರೆಯನ್ನು ಹೋಲಿಸುವುದು ಸುಲಿಯದ ಅಡಿಕೆಯಾದ ಸಿಪ್ಪೆಗೋಟು ತೂಗಿ ಸುಲಿದ ಚಾಲಿಯ ದರ ಕೇಳಿದಂತೆ. ಗರ್ಭಿಣಿಯರಿಗೆ ಸರ್ಕಾರದಿಂದ ದಿನಕ್ಕೆ ಎರಡರಂತೆ ಕೊಡುವ ಮಾತ್ರೆಯಲ್ಲಿ 500 ಎನ್ನುವುದು ಕ್ಯಾಲ್ಸಿಯಂನದೇ ತೂಕ.

ಇಂಜೆಕ್ಷನ್‌ನಲ್ಲಿ ಅಂತರ ಇನ್ನೂ ದೊಡ್ಡದು. ಶೇಕಡಾ 10ರ ಕ್ಯಾಲ್ಸಿಯಂ ಗ್ಲೂಕೋನೇಟ್, ಶೇಕಡಾ 10ರ ಕ್ಯಾಲ್ಸಿಯಂ ಕ್ಲೋರೈಡ್, ಎರಡೂ 10 ಮಿಲಿಲೀಟರ್. ಮೊದಲನೆಯದರಲ್ಲಿ 93 ಮಿಲಿಗ್ರಾಂ ಕ್ಯಾಲ್ಸಿಯಂ, ಎರಡನೆಯದರಲ್ಲಿ 270ಕ್ಕೂ ಹೆಚ್ಚು. ‘ಒಂದು ಆಂಪ್ಯೂಲ್ ಕ್ಯಾಲ್ಸಿಯಂ ಕೊಡಿ’ ಎಂದಷ್ಟೇ ಹೇಳಿದರೆ ಮೂರು ಪಟ್ಟು ಆಚೀಚೆಯಾಗಬಹುದು.

ಕಬ್ಬಿಣದ ಮಾತ್ರೆಯದೂ ಅದೇ ಕಥೆ. 2018ರ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆ, ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಎರಡರಲ್ಲೂ 60 ಮಿಲಿಗ್ರಾಂ ಎಲಿಮೆಂಟಲ್ ಕಬ್ಬಿಣ. ಚಿಕ್ಕ ಮಕ್ಕಳ ಗುಲಾಬಿ ಮಾತ್ರೆಯಲ್ಲಿ 45. ಅಂಗಡಿಯಲ್ಲಿ ಕೊಂಡರೆ 300 ಮಿಲಿಗ್ರಾಂ ಫೆರಸ್ ಗ್ಲೂಕೋನೇಟ್‌ನಲ್ಲಿ ಕಬ್ಬಿಣ ಸುಮಾರು 35, ಅದಕ್ಕಿಂತ ಚಿಕ್ಕದಾದ 200 ಮಿಲಿಗ್ರಾಂ ಒಣ ಫೆರಸ್ ಸಲ್ಫೇಟ್‌ನಲ್ಲಿ 65. ದೊಡ್ಡ ಸಂಖ್ಯೆಯ ಮಾತ್ರೆಯಲ್ಲಿ ಕಬ್ಬಿಣ ಅರ್ಧದಷ್ಟೇ. ಈ ಲೆಕ್ಕ ತುರ್ತಾಗಿ ಬೇಕಾಗುವ ಸಂದರ್ಭವೂ ಒಂದಿದೆ. ಅಮ್ಮನ ಕೆಂಪು ಮಾತ್ರೆಯನ್ನು ಪೆಪ್ಪರಮಿಂಟೆಂದು ಮಗು ನುಂಗಿದಾಗ ವೈದ್ಯರು ಮೊದಲು ಕೇಳುವುದು ಎಷ್ಟು ಮಾತ್ರೆ, ಒಂದೊಂದರಲ್ಲಿ ಎಷ್ಟು ಕಬ್ಬಿಣ, ಮಗುವಿನ ತೂಕ ಎಷ್ಟು ಎಂದು. ಕೆ.ಜಿ.ಗೆ 60 ಮಿಲಿಗ್ರಾಂ ಕಬ್ಬಿಣ ದಾಟಿದರೆ ಜೀವಕ್ಕೇ ಅಪಾಯ. ಹತ್ತು ಕೆ.ಜಿ.ಯ ಮಗುವಿಗೆ ಹತ್ತು ಮಾತ್ರೆ ಸಾಕು. ಅದಕ್ಕಿಂತ ಕಡಿಮೆ ನುಂಗಿದ್ದರೂ ಕಾಯದೆ ಆಸ್ಪತ್ರೆಗೆ ಓಡಬೇಕು, ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಬೇಕು.

ಹೆರಿಗೆ ವಾರ್ಡಿನಲ್ಲಿ ಬಿ.ಪಿ. ಏರಿ ಫಿಟ್ಸ್ ಬರುವ ಅಪಾಯವಿರುವ ಗರ್ಭಿಣಿಯರಿಗೆ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಬಲು ಹಳೆಯ ಔಷಧ, ಬಲು ಅಗ್ಗದ್ದು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ‘ಮ್ಯಾಗ್‌ಪೈ’ ಅಧ್ಯಯನ ಅದು ಫಿಟ್ಸ್ ಸಾಧ್ಯತೆಯನ್ನು ಅರ್ಧಕ್ಕೂ ಕೆಳಗೆ ಇಳಿಸುತ್ತದೆಂದು ತೋರಿಸಿತು. ಅದರ ಡೋಸನ್ನು ಹೇಳುವುದು ಗ್ರಾಂನಲ್ಲಿ, ಅದೂ ನೀರಿನಂಶ ಸೇರಿದ ಲವಣದ ಗ್ರಾಂ. ಒಂದು ಗ್ರಾಂ ಲವಣದಲ್ಲಿ ಮೆಗ್ನೀಸಿಯಂ ಇರುವುದು 99 ಮಿಲಿಗ್ರಾಂನಷ್ಟೇ. ಮಿಲಿಮೋಲ್‌ನಲ್ಲಿ 4, ಎಂಇಕ್ಯುನಲ್ಲಿ 8. ಕೊಟ್ಟ ಮೇಲೆ ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಅಳತೆಗಳೂ ಮೂರು. ಚಿಕಿತ್ಸೆಗೆ ಬೇಕಾದ ಮಟ್ಟ ಲೀಟರಿಗೆ 4ರಿಂದ 7 ಎಂಇಕ್ಯು, ಅದೇ ಡೆಸಿಲೀಟರಿಗೆ 4.8ರಿಂದ 8.4 ಮಿಲಿಗ್ರಾಂ, ಅದೇ ಲೀಟರಿಗೆ 2ರಿಂದ 3.5 ಮಿಲಿಮೋಲ್. ಈಗ ರಿಪೋರ್ಟಿನಲ್ಲಿ ಬರೀ 7 ಎಂದಿದೆ ಎನ್ನಿ. ಮಿಲಿಗ್ರಾಂ ಆದರೆ ಸರಿಯಾಗಿದೆ. ಎಂಇಕ್ಯು ಆದರೆ ಅಂಚಿನಲ್ಲಿದೆ. ಮಿಲಿಮೋಲ್ ಆದರೆ ಉಸಿರಾಟವೇ ನಿಲ್ಲುವ ಮಟ್ಟ, ಅದು 5 ದಾಟಿದಾಗಲೇ ಉಸಿರು ಕುಗ್ಗತೊಡಗುತ್ತದೆ.

ಅದಕ್ಕೇ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ನರ್ಸ್‌ಗಳು ಲ್ಯಾಬ್ ರಿಪೋರ್ಟಿಗಾಗಿ ಕೈಕಟ್ಟಿ ಕೂರುವುದಿಲ್ಲ. ಮುಂದಿನ ಡೋಸ್ ಕೊಡುವ ಮೊದಲು ಮಂಡಿಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕಾಲು ಚಿಮ್ಮುತ್ತದೆಯೇ ಎಂದು ನೋಡುತ್ತಾರೆ, ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುತ್ತಾರೆ, ಮೂತ್ರ ಎಷ್ಟು ಹೋಗಿದೆ ಎಂದು ಚೀಲ ನೋಡುತ್ತಾರೆ. ಮೆಗ್ನೀಸಿಯಂ ಮಿತಿಮೀರಿದಾಗ ಉಸಿರಿಗಿಂತ ಮೊದಲು ಹೋಗುವುದು ಮಂಡಿಯ ಆ ಚಿಮ್ಮು. ಚಿಮ್ಮಲಿಲ್ಲವೆಂದರೆ ಮುಂದಿನ ಡೋಸ್ ಇಲ್ಲ. ವಿರುದ್ಧ ಔಷಧವಾದ ಕ್ಯಾಲ್ಸಿಯಂ ಗ್ಲೂಕೋನೇಟ್ ಪಕ್ಕದ ಟ್ರೇಯಲ್ಲಿ ಸಿದ್ಧವಿರುತ್ತದೆ.

ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ಈ ತೊಡಕು ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ. ದಾವಣಗೆರೆಯ ತಾಯಿಯ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 9.6, ಲಂಡನ್‌ನಲ್ಲಿರುವ ಮಗಳದರಲ್ಲಿ 2.4. ಮಗಳಿಗೆ ಕ್ಯಾಲ್ಸಿಯಂ ತೀರಾ ಕಡಿಮೆ ಎಂದು ತಾಯಿ ಹೌಹಾರಬೇಕಿಲ್ಲ, ಎರಡೂ ಒಂದೇ ಮಟ್ಟ. ನಮ್ಮ ಲ್ಯಾಬುಗಳು, ಅಮೆರಿಕದವೂ, ಡೆಸಿಲೀಟರಿಗೆ ಮಿಲಿಗ್ರಾಂ ಬರೆಯುತ್ತವೆ. ಹಳೆಯ ವೈದ್ಯರು ಅದನ್ನು ‘ಮಿಲಿಗ್ರಾಂ ಪರ್ಸೆಂಟ್’ ಎನ್ನುತ್ತಾರೆ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಲೀಟರಿಗೆ ಮಿಲಿಮೋಲ್. ಕ್ಯಾಲ್ಸಿಯಂಗೆ ನಾಲ್ಕರಿಂದ, ಸಕ್ಕರೆಗೆ ಹದಿನೆಂಟರಿಂದ ಗುಣಿಸಿದರೆ ಅಲ್ಲಿಯದು ಇಲ್ಲಿಯದಾಗುತ್ತದೆ. ಇಲ್ಲಿ ಎಂಇಕ್ಯುನಲ್ಲೇ ಬರೆಯುವ ಸೋಡಿಯಂ, ಪೊಟ್ಯಾಸಿಯಂಗೆ ಏನೂ ಮಾಡಬೇಕಿಲ್ಲ. ಫಾಸ್ಫೇಟ್ ಮಾತ್ರ ಎಂಇಕ್ಯು ಲೆಕ್ಕಕ್ಕೆ ಸಿಗುವುದಿಲ್ಲ. ದ್ರಾವಣದ ಆಮ್ಲೀಯತೆ ಬದಲಾದಂತೆ ಅದರ ಆವೇಶವೂ ಬದಲಾಗುತ್ತದೆ, ಹಾಗಾಗಿ ಅದರ ಡೋಸನ್ನು ಮಿಲಿಮೋಲ್‌ನಲ್ಲೇ ಬರೆಯುತ್ತಾರೆ.

ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ನಡುವೆ ಸಾವಿರ ಪಟ್ಟಿನ ಅಂತರವಿದೆ. ಗ್ರೀಕ್ ಅಕ್ಷರ ‘ಮ್ಯೂ’ವನ್ನು ಅವಸರದಲ್ಲಿ ಗೀಚಿದರೆ ಮಿಲಿಯ ‘ಎಂ’ನಂತೆಯೇ ಕಾಣುತ್ತದೆ. ಮೈಕ್ರೋಗ್ರಾಂ ಎಂದು ಪೂರ್ತಿ ಬರೆಯುವುದಕ್ಕೆ ಎರಡು ಸೆಕೆಂಡು ಹೆಚ್ಚು ಹಿಡಿದರೂ ಪ್ರತಿ ಚೀಟಿಯಲ್ಲೂ ಹಾಗೆ ಬರೆಯಬೇಕು.

ನಮ್ಮೆಲ್ಲರ ಅಡುಗೆಮನೆಯಲ್ಲಿ ಮೈಕ್ರೋಗ್ರಾಂ ಲೆಕ್ಕದ ಖನಿಜವೆಂದರೆ ಅಯೋಡಿನ್. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು. ಉಪ್ಪಿನ ಪೊಟ್ಟಣದ ಮೇಲೆ ಅದನ್ನು ‘ಪಿಪಿಎಂ’ ಎಂದು ಬರೆಯುತ್ತಾರೆ, ಹತ್ತು ಲಕ್ಷಕ್ಕೆ ಎಷ್ಟು ಪಾಲು ಎಂದರ್ಥ. ಕಾನೂನಿನ ಪ್ರಕಾರ ಮನೆಗೆ ತಲುಪುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಇರಬೇಕು. ಕೆ.ಜಿ.ಗೆ 15 ಮಿಲಿಗ್ರಾಂ, ಗ್ರಾಂಗೆ 15 ಮೈಕ್ರೋಗ್ರಾಂ. ದಿನಕ್ಕೆ 10 ಗ್ರಾಂ ಉಪ್ಪು ತಿಂದರೆ 150 ಸರಿಯಾಗಿ ಸಿಗುತ್ತದೆ. ಕಾರ್ಖಾನೆಯಲ್ಲಿ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟ್, ಅಲ್ಲೂ ಲವಣ ಬೇರೆ, ಖನಿಜ ಬೇರೆ: ಒಂದು ಮಿಲಿಗ್ರಾಂ ಅಯೋಡಿನ್‌ಗೆ ಸುಮಾರು 1.7 ಮಿಲಿಗ್ರಾಂ ಅಯೋಡೇಟ್ ಹಾಕಬೇಕು. ಆದರೆ ಬಿ.ಪಿ. ಭಯದಿಂದ 5 ಗ್ರಾಂ ಉಪ್ಪಿಗೆ ಇಳಿದ ಮನೆಯಲ್ಲಿ ಅದೇ 15ರ ಲೆಕ್ಕದಲ್ಲಿ ಉಪ್ಪಿನಿಂದ ಸಿಗುವುದು 75 ಮೈಕ್ರೋಗ್ರಾಂ, ಬೇಕಾದದ್ದರ ಅರ್ಧ. ಇದಕ್ಕೆ ಉಪ್ಪು ಹೆಚ್ಚು ತಿನ್ನುವುದು ಉತ್ತರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಕೊಟ್ಟ ಕೋಷ್ಟಕದಲ್ಲಿ ಜನ ತಿನ್ನುವ ಉಪ್ಪು ಇಳಿದಂತೆ ಬೆರೆಸುವ ಅಯೋಡಿನ್ ಏರುತ್ತದೆ: ದಿನಕ್ಕೆ 10 ಗ್ರಾಂ ತಿನ್ನುವಲ್ಲಿ ಕೆ.ಜಿ.ಗೆ 20 ಮಿಲಿಗ್ರಾಂ, 5 ಗ್ರಾಂ ತಿನ್ನುವಲ್ಲಿ 39.